ಖಾಲಿ ಕುಳಿಯ ಬಣ್ಣ

ಬಣ್ಣ ಚೆನ್ನಾಗಿತ್ತು. ಮೊದಲು ಅನ್ನಿಸಿದ್ದು ಅಷ್ಟೇ. ಅಂಥ ಹೊತ್ತಿನಲ್ಲೂ ತನಗೆ ಅಷ್ಟೇ ಅನ್ನಿಸಿತಲ್ಲ ಎಂದು ಆಮೇಲೆ ದಿನವಿಡೀ ಅವನಿಗೆ ನಾಚಿಕೆಯಾಗುತ್ತಿತ್ತು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಒಂದೊಂದು ಬಟಾಣಿ ಕಾಳು ಹಿಡಿಯುವಷ್ಟು ಪುಟ್ಟ ಕುಳಿಗಳು. ಆ ಕುಳಿಗಳಲ್ಲಿ ಲಿವರಿನ ಜೀವಕೋಶಗಳನ್ನು ಸಾಕಿ, ಸಾಕಿದ ಕೈಯಿಂದಲೇ ವಿಷ ಹಾಕಿ, ಎಷ್ಟು ಬದುಕಿದವು ಎಂದು ನೋಡುವುದು ಅವನ ಕಸುಬು. ನೋಡುವುದಕ್ಕೆ ಒಂದು ಹಳದಿ ನೀರಿದೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ, ಸತ್ತದ್ದು ಹಾಗೇ ಬಿಡುತ್ತದೆ. ವಿಷಕ್ಕೆ ಮೊದಲು ಬೇಲಿ ಮೇಲಿನ ಒಂದು ಬಳ್ಳಿಯ ಎಲೆಯ ರಸ ಹಾಕಿದ ಕುಳಿಗಳು ನೇರಳೆ, ಹಾಕದ ಕುಳಿಗಳು ಹಳದಿ. ಇಷ್ಟು ವರ್ಷ ಅವನ ಮಾನ ಮರ್ಯಾದೆ ಎಲ್ಲ ನಿಂತದ್ದು ಈ ವ್ಯತ್ಯಾಸದ ಮೇಲೆ. ಇವತ್ತು ತಟ್ಟೆಯ ಕೊನೆಯ ಸಾಲಿನಲ್ಲಿ ಜೀವಕೋಶಗಳೇ ಇರಲಿಲ್ಲ. ಹೆಸರಿಗೆ ಒಂದೂ ಇರಲಿಲ್ಲ. ಬರೀ ಬಳ್ಳಿಯ ರಸ, ಬರೀ ಹಳದಿ ನೀರು. ಆ ಸಾಲೂ ನೇರಳೆಯಾಗಿ, ಏನೂ ಆಗದ ಹಾಗೆ ಕೂತಿತ್ತು.

"ರಸ ಸ್ವಲ್ಪ ಉಳಿದಿತ್ತು ಸಾರ್, ಸುಮ್ನೆ ಖಾಲಿ ಸಾಲಿಗೂ ಹಾಕಿದೆ," ಎಂದಳು ಅವನ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಅವಳ ಮುಖ ಸಣ್ಣದಾಗಿತ್ತು. "ನಾನೇ ಏನೋ ಎಡವಟ್ಟು ಮಾಡಿರ್ಬೇಕು. ಕೋಶ ಇದ್ದ ಕುಳೀಲಿ ಅದ್ದಿದ ಪಿಪೆಟ್ಟನ್ನೇ ಇಲ್ಲೂ ಅದ್ದಿಬಿಟ್ನೋ ಏನೋ."

ಅವನಿಗೆ ಗೊತ್ತಾಗಿತ್ತು. ಪಿಪೆಟ್ಟಿನದಲ್ಲ ತಪ್ಪು. ಎಲೆಯಲ್ಲೇ ಏನೋ ಇದೆ, ಅದು ಹಳದಿಯನ್ನು ತಾನೇ ನೇರಳೆ ಮಾಡುತ್ತದೆ, ಅದಕ್ಕೆ ಬದುಕಿದವರೂ ಬೇಡ ಸತ್ತವರೂ ಬೇಡ. ಬಣ್ಣದ ನೀರು ಹಾಕುವ ಮೊದಲು ಕುಳಿಗಳಲ್ಲಿದ್ದ ರಸವನ್ನು ತೊಳೆದು ತೆಗೆಯಬೇಕು ಎಂಬುದು ಆ ಕೆಲಸದ ಮೊದಲ ಪಾಠ. ತೊಳೆದರೆ ಪೆಟ್ಟು ತಿಂದು ಅರೆಜೀವವಾದ ಕೋಶಗಳೂ ಕೊಚ್ಚಿಹೋಗುತ್ತವೆ, ಪಾಪ, ಅವೂ ಲೆಕ್ಕಕ್ಕೆ ಸಿಗಲಿ ಎಂದು ತೊಳೆಯುವುದನ್ನು ಬಿಡಿಸಿದವನು ಅವನೇ. ಬಿಡಿಸಿದ ಮೇಲೆ ಫಲಿತಾಂಶ ಎಷ್ಟು ಸೊಗಸಾಗಿ ಬಂತು! ಸೊಗಸಾಗಿ ಬಂದದ್ದನ್ನು ಯಾರಾದರೂ ಅನುಮಾನದಿಂದ ನೋಡುತ್ತಾರೆಯೇ? ಇದೆಲ್ಲ ಒಂದೇ ಉಸಿರಿಗೆ ತಲೆಯಲ್ಲಿ ಹಾದುಹೋಯಿತು. ಹುಡುಗಿ ಕಾಯುತ್ತಿದ್ದಳು. "ಇರಬಹುದು," ಎಂದ ಅವನು. "ಸ್ವಲ್ಪ ನೋಡ್ಕೊಂಡು ಮಾಡ್ಬೇಕಮ್ಮ. ಹೋಗ್ಲಿ, ಇನ್ನೊಂದು ಸಲ ಮಾಡು." ಬೈದಿದ್ದರೂ ಆಗುತ್ತಿತ್ತು. ಅಷ್ಟು ಮೆತ್ತಗೆ, ಅಷ್ಟು ದೊಡ್ಡ ಮನಸ್ಸಿನವನ ಹಾಗೆ ಹೇಳಿದ. ಅವಳು "ಸಾರಿ ಸಾರ್" ಎಂದು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋದಳು.

ವಿಷದ ಬಾಟಲಿಯನ್ನು ಗಾಳಿ ಎಳೆಯುವ ಗೂಡಿನೊಳಗೇ ತೆರೆಯಬೇಕು. ಎಷ್ಟೇ ಹುಷಾರಾಗಿ ತೆರೆದರೂ ಒಂದೆಳೆ ವಾಸನೆ ಹೊರಗೆ ಬಂದೇ ಬರುತ್ತದೆ. ಸಿಹಿಯೂ ಅಲ್ಲದ ಘಾಟೂ ಅಲ್ಲದ ಆ ವಾಸನೆ ಭಾವನ ಅಂಗಿಯ ವಾಸನೆ. ಭಾವನದು ಡ್ರೈಕ್ಲೀನಿಂಗ್ ಅಂಗಡಿ. ಅಕ್ಕ ಮದುವೆಯಾಗಿ ಹೋದಾಗ ಅವಳ ಟ್ರಂಕಿನ ಜೊತೆ ಇನ್ನೊಂದು ಟ್ರಂಕಿನ ಹಾಗೆ ಇವನೂ ಹೋಗಿದ್ದ. ಅಂಗಡಿಯ ಹಿಂದಿನ ಕೋಣೆಯಲ್ಲಿ, ತೂಗುಹಾಕಿದ ಊರವರ ಕೋಟುಗಳ ಕೆಳಗೆ ಚಾಪೆ ಹಾಸಿಕೊಂಡು ಓದಿದವನು. ಆ ಕೋಣೆಗೆ ಕಿಟಕಿಯಿರಲಿಲ್ಲ. ಭಾವ ಬರಿಗೈಯನ್ನು ಅದೇ ಜಾತಿಯ ದ್ರವದಲ್ಲಿ ಅದ್ದಿ ಕಲೆ ಉಜ್ಜುತ್ತ, "ಏನ್ ಪ್ರೊಫೆಸರೇ, ಇವತ್ತು ಭೂಮಿ ಗುಂಡಗಿದೆಯೋ ಚಪ್ಪಟೆಯೋ?" ಎಂದು ಕೇಳುತ್ತಿದ್ದ. ಈ ಕೆಲಸದ ಸಂದರ್ಶನಕ್ಕೆ ಹೋಗುವಾಗ ಇವನಿಗೊಂದು ಕೋಟಿರಲಿಲ್ಲ. ಭಾವ ಗಿರಾಕಿಯೊಬ್ಬರ ಕೋಟನ್ನು ಇಳಿಸಿ ತೊಡಿಸಿ, ಹಿಂದಕ್ಕೆ ಸರಿದು ನೋಡಿ, "ಹೇಳಿ ಮಾಡಿಸಿದ ಹಾಗಿದೆ, ಸಂಜೆಯೊಳಗೆ ತಂದುಕೊಡು, ಬೆವರಬೇಡ," ಎಂದಿದ್ದ. ಅವನು ಬೆವರಿದ. ಸಂದರ್ಶನದ ಮಧ್ಯೆ ಜೇಬಿಗೆ ಕೈಹಾಕಿದರೆ ಯಾರದೋ ಬಾಚಣಿಗೆ ಸಿಕ್ಕಿತು. ಸಂಜೆ ಭಾವ ಬಾಗಿಲು ಹಾಕಿಕೊಂಡು ಆ ಕೋಟನ್ನು ಮತ್ತೆ ದ್ರವದಲ್ಲಿ ಮುಳುಗಿಸಿ, ಕೆಮ್ಮುತ್ತ, ಇವನ ಬೆವರನ್ನು ತೆಗೆದ. ಗೂಡಿನ ಗಾಜು ಇಳಿಸಿದರೂ ವಾಸನೆ ಹೋಗಲಿಲ್ಲ. ಹುಡುಗಿ ಆಚೆ ಮೇಜಿನಲ್ಲಿ ಬೆನ್ನು ತಿರುಗಿಸಿ ಮತ್ತೆ ರಸ ಅಳೆಯುತ್ತಿದ್ದಳು.

ಭಾವನಿಗೆ ಕೊಟ್ಟ ಬಳ್ಳಿಯ ಪುಡಿಯನ್ನು ಯಾರೂ ಕೇಳಿರಲಿಲ್ಲ. ಅದೇ ಅವನಿಗೆ ಮುಳ್ಳಾಗಿ ಚುಚ್ಚುವ ಸಂಗತಿ. ಕೇಳಿದ್ದರೆ, ಪೀಡಿಸಿದ್ದರೆ, ಅವರ ಒತ್ತಾಯಕ್ಕೆ ಕೊಟ್ಟೆ ಎನ್ನಬಹುದಿತ್ತು. ಪೇಪರಿನಲ್ಲಿ ಅವನ ಬಗ್ಗೆ ನಾಲ್ಕು ಸಾಲು ಬಂದಿತ್ತು, ಲಿವರಿಗೆ ರಕ್ಷೆ ಕೊಡುವ ಬಳ್ಳಿ ಅಂತ, ಪಕ್ಕದಲ್ಲಿ ತಟ್ಟೆ ಹಿಡಿದ ಅವನ ಫೋಟೋ. ಅದೇ ಸುಮಾರಿಗೆ ಭಾವನ ಲಿವರ್ ಕೆಟ್ಟಿದೆ ಎಂದು ಗೊತ್ತಾಯಿತು. ಭಾವ ಕುಡಿದವನಲ್ಲ, ತಿಂದವನಲ್ಲ, ಉಸಿರಾಡಿದ್ದಷ್ಟೇ. ಆಗ ಇವನಿಗೆ ಏನನ್ನಿಸಿತು? ಸಂಕಟ ಅನ್ನಿಸಿತು, ಹೌದು, ಆದರೆ ಅದರ ಕೆಳಗೆ ಒಂದು ಖುಷಿಯೂ ಇತ್ತು. ಕೊನೆಗೂ ಆ ಮನೆಗೆ ತಾನು ಕೊಡುವಂಥದ್ದು ಒಂದು ಇದೆ ಎಂಬ ಖುಷಿ. ಬೇಲಿಗಳ ಮೇಲಿಂದ ತಾನೇ ಎಲೆ ಕಿತ್ತು, ಬಿಸಿಲಿಗೆ ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ, ಕಾಫಿ ಪುಡಿಯ ಖಾಲಿ ಬಾಟಲಿಗೆ ತುಂಬಿಕೊಂಡು ಹೋಗಿದ್ದ. "ದಿನಾ ಬೆಳಿಗ್ಗೆ ಒಂದು ಚಮಚ," ಎಂದಿದ್ದ, ಯಾರೋ ದೊಡ್ಡ ಡಾಕ್ಟರ ಗತ್ತಿನಲ್ಲಿ. ಜೀವಕೋಶಗಳಿಗೆ ಆದದ್ದು ಮನುಷ್ಯನಿಗೆ ಆಗಬೇಕೆಂದಿಲ್ಲ, ಅಲ್ಲೂ ವಿಷಕ್ಕೆ ಮೊದಲೇ ಹಾಕಿದರಷ್ಟೇ ಕೆಲಸ ಮಾಡುತ್ತದೆ, ಕೆಟ್ಟ ಮೇಲಲ್ಲ ಎಂದು ತನ್ನ ಪ್ರಬಂಧದಲ್ಲಿ ತಾನೇ ಬರೆದಿದ್ದು ಆಗ ನೆನಪಿಗೆ ಬರಲಿಲ್ಲ. ಬಂದಿತ್ತು. ಬದಿಗೆ ತಳ್ಳಿದ್ದ. ಅಕ್ಕ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದಾಗ ಅವಳ ಕಣ್ಣು ತುಂಬಿತ್ತು.

ಮಧ್ಯಾಹ್ನ ಅಕ್ಕನ ಫೋನು ಬಂತು. "ಪುಟ್ಟ, ಸಂಜೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು ಇವರನ್ನ. ಬರಲ್ಲ ಅಂತ ಹಟ ಹಿಡಿದು ಕೂತಿದಾರೆ. ನಿನ್ನ ಪುಡಿಯಿಂದ್ಲೇ ಅರ್ಧ ವಾಸಿಯಾಗಿದೆ, ಡಾಕ್ಟ್ರು ಯಾಕೆ, ಸೂಜಿ ಯಾಕೆ ಅಂತಾರೆ. ನೀನೇ ಬಂದು ಹೇಳು, ನಿನ್ನ ಮಾತಾದ್ರೆ ಕೇಳ್ತಾರೆ." ಅವನು ಬರುತ್ತೇನೆ ಎಂದ. "ಇನ್ನೊಂದು ಬಾಟ್ಲಿ ತರ್ತೀಯಾ? ಕೆಳಗಿನ ಮನೆ ಟೈಲರಮ್ಮನೂ ಕೇಳ್ತಿದ್ಲು ಕಣೋ. ಅವಳ ಗಂಡನಿಗೂ ಕಣ್ಣು ಹಳದಿಯಾಗಿತ್ತಂತೆ." ಅವನು "ನೋಡೋಣ" ಎಂದ. ಬೇಡ ಎನ್ನಲು ಎರಡೇ ಅಕ್ಷರ ಸಾಕಿತ್ತು. ಫೋನಿಟ್ಟ ಮೇಲೂ ಆ ಎರಡಕ್ಷರ ಬಾಯಲ್ಲೇ ಉಳಿದಿತ್ತು.

ಬಸ್ಸಿನಲ್ಲಿ ನಿಂತುಕೊಂಡೇ ಮಾತು ಜೋಡಿಸಿದ. ಭಾವ, ಒಂದು ವಿಷಯ. ಭಾವ, ಸಂಶೋಧನೆಯಲ್ಲಿ ಹೀಗೆಲ್ಲ ಆಗುತ್ತೆ. ಆಗುತ್ತೆ ಎಂದರೆ? ತಾನಾಗಿ ಆಯಿತೇ? ಯಾರೋ ಅವನ ಕಾಲು ತುಳಿದು ಕ್ಷಮಿಸಿ ಎಂದರು, ಅವನು "ಪರವಾಗಿಲ್ಲ, ನನ್ನದೇ ತಪ್ಪು" ಎಂದ. ಅಂಥ ಕಡೆ ತಪ್ಪೊಪ್ಪಿಕೊಳ್ಳುವುದು ಎಷ್ಟು ಸಲೀಸು! ಅಕ್ಕನ ಮನೆ ಎರಡನೇ ಮಹಡಿ. ಕೆಳಗಿನ ಮನೆಯಲ್ಲಿ ಹೊಲಿಗೆಯಂತ್ರ ಓಡುತ್ತಿತ್ತು. ಬಾಗಿಲು ಅರೆ ತೆರೆದಿತ್ತು. ಅವನು ತಲೆ ತಗ್ಗಿಸಿಕೊಂಡು ಮೆಟ್ಟಿಲು ಹತ್ತಿದ.

ಭಾವ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ. ಅಷ್ಟು ಸೆಕೆಯಲ್ಲೂ ತುಂಬು ತೋಳಿನ ಅಂಗಿ, ಮಣಿಕಟ್ಟಿನ ಗುಂಡಿ ಹಾಕಿತ್ತು. "ಓಹೋ, ಪ್ರೊಫೆಸರು! ದಾರಿ ತಪ್ಪಿ ಬಂದ್ರೋ?" ಎಂದ. ಮುಖ ಬಾಡಿತ್ತು, ನಗು ಬಾಡಿರಲಿಲ್ಲ. ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ. ಕಿಟಕಿಯ ಪರದೆಯ ಬಣ್ಣ ಇರಬಹುದು, ಪರದೆ ಹಳದಿಯಲ್ಲವೇ ಎಂದು ಅವನು ತನಗೇ ಹೇಳಿಕೊಂಡ. ಪರದೆ ನೀಲಿಯಾಗಿತ್ತು. ಅಕ್ಕ ಟೀ ತಂದಿಟ್ಟು, "ನೀವಿಬ್ರೂ ಮಾತಾಡಿ, ನಾನು ರೆಡಿಯಾಗಿ ಬರ್ತೀನಿ. ಅವನು ಹೇಳಿದ ಮೇಲೂ ಇಲ್ಲ ಅಂದ್ರೆ ನೋಡಿ ಮತ್ತೆ," ಎಂದು ಗಂಡನಿಗೆ ಬೆರಳು ತೋರಿಸಿ ಒಳಗೆ ಹೋದಳು.

"ಹೇಗಿದೀರಿ ಭಾವ?"

"ಫಸ್ಟ್ ಕ್ಲಾಸ್. ನಿನ್ನ ಪುಡಿ ಅಂದ್ರೆ ಸುಮ್ನೇನಾ? ಹೊಸ ಬಾಟ್ಲಿ ಎಲ್ಲಿ?"

ಅವನು ಟೀ ಕಪ್ಪನ್ನು ತಟ್ಟೆಯ ಮೇಲೆ ಒಂದು ಸುತ್ತು ತಿರುಗಿಸಿದ. ಜೋಡಿಸಿದ್ದ ಮಾತೆಲ್ಲ ಬಸ್ಸಿನಲ್ಲೇ ಉಳಿದುಹೋದಂತಿತ್ತು. "ತಂದಿಲ್ಲ. ಭಾವ, ಅದರಿಂದ ಏನೂ ಆಗಲ್ಲ. ಇವತ್ತು ಬೆಳಿಗ್ಗೆ ಗೊತ್ತಾಯ್ತು. ಕೋಶಗಳು ಬದುಕಿರ್ಲೇ ಇಲ್ಲ. ಎಲೆಯೇ ಬಣ್ಣ ಕೊಡ್ತಿತ್ತು. ನಾನು ಅದನ್ನ ಜೀವ ಅಂದ್ಕೊಂಡಿದ್ದೆ." ಹೇಳಿ ಮುಗಿಸಿ ತಲೆಯೆತ್ತಲಿಲ್ಲ. ಬೈಗುಳ ಬರಲಿ ಎಂದು ಕಾದ. ಬಂದರೆ ಒಳ್ಳೆಯದಿತ್ತು.

ಭಾವ ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನಿಧಾನ ಕಣೋ, ಅವಳಿಗೆ ಕೇಳ್ಸುತ್ತೆ. ಅಲ್ಲ, ಇದಕ್ಯಾಕೆ ಇಷ್ಟು ಮುಖ ಸಣ್ಣ ಮಾಡ್ತೀಯ? ಆ ಪುಡಿ ನಾನು ತಿಂದಿದ್ದೇ ನಾಲ್ಕು ದಿನ. ಅಬ್ಬಬ್ಬಾ ಏನು ಕಹಿ! ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಆಮೇಲೆ ದಿನಾ ಒಂದು ಚಮಚ ಬಚ್ಚಲಿಗೆ. ನಿಮ್ಮಕ್ಕ ಚಮಚ ತೊಳೆದಿಡ್ತಾಳೆ, ನಾನು ಬಾಯಿ ಒರೆಸ್ಕೊಳ್ತೀನಿ."

"ಮತ್ತೆ ಚೆನ್ನಾಗಿದೀನಿ, ಹಸಿವಾಗ್ತಿದೆ, ನಿದ್ದೆ ಬರ್ತಿದೆ ಅಂದ್ರಲ್ಲ? ಪ್ರತಿ ಸಲ ಫೋನಲ್ಲಿ..."

"ಇನ್ನೇನು ಹೇಳೋದು? ಆ ಬಾಟ್ಲಿ ಹಿಡ್ಕೊಂಡು ಬಂದಿದ್ಯಲ್ಲ, ಆವತ್ತಿನ ನಿನ್ನ ಮುಖ ನೀನು ನೋಡಿಲ್ಲ." ಭಾವ ಮಣಿಕಟ್ಟಿನ ಗುಂಡಿ ಬಿಚ್ಚಿ, ತುರಿಸಿಕೊಂಡು ಮತ್ತೆ ಹಾಕಿದ. ಅಷ್ಟರಲ್ಲಿ ಇವನು ನೋಡಿಬಿಟ್ಟಿದ್ದ. ತೋಳು ಪೂರ್ತಿ ಲಿವರ್ ಕೆಟ್ಟವರಿಗೆ ಬರುವ ತುರಿಕೆಯ ಕೆಂಪು ಗೀರುಗಳು, ಕೆಲವು ಹಳೆಯವು, ಕೆಲವು ಹಸಿ. "ಡಾಕ್ಟ್ರ ಹತ್ರ ಹೋದ್ರೆ ರಕ್ತ ತೆಗೀತಾರೆ. ರಕ್ತ ಸುಳ್ಳು ಹೇಳುತ್ತಾ? ನಿನ್ನ ಪುಡಿಯಿಂದ ಕೂದಲಷ್ಟೂ ಉಪಯೋಗ ಆಗಿಲ್ಲ ಅಂತ ಗೊತ್ತಾಗಿಬಿಡುತ್ತೆ. ನಿಮ್ಮಕ್ಕ ಮಹಡಿ ಮಹಡಿಗೂ ಹೋಗಿ ನನ್ನ ತಮ್ಮ ನನ್ನ ತಮ್ಮ ಅಂತ ಹೇಳ್ಕೊಂಡು ಬಂದಿದಾಳೆ. ಇನ್ನೊಂದಷ್ಟು ದಿನ ಹೋಗ್ಲಿ, ಅಷ್ಟರಲ್ಲಿ ಇವನು ಬೇರೆ ಏನಾದ್ರೂ ಕಂಡುಹಿಡೀತಾನೆ ಅಂದ್ಕೊಂಡೆ."

ಹೀಗೂ ಉಂಟೇ? ತಿಂಗಳುಗಟ್ಟಲೆ ಈ ಮನುಷ್ಯ ತುರಿಕೆ ತಡೆದುಕೊಂಡು, ಆಸ್ಪತ್ರೆ ತಪ್ಪಿಸಿಕೊಂಡು, ಫಸ್ಟ್ ಕ್ಲಾಸ್ ಫಸ್ಟ್ ಕ್ಲಾಸ್ ಎಂದದ್ದು ತನ್ನ ಮುಖ ಬಾಡಬಾರದೆಂದು. ಅದನ್ನೂ ತಾನು ಫಲಿತಾಂಶವೆಂದೇ ಬಗೆದಿದ್ದ. ಒಂದು ಭಾಷಣದಲ್ಲಿ, ಹೆಸರು ಹೇಳದೆ, ನನಗೆ ಗೊತ್ತಿರುವ ಒಬ್ಬ ರೋಗಿ ಎಂದು ಹೇಳಿಯೂ ಇದ್ದ. ಚಪ್ಪಾಳೆ ಬಿದ್ದಿತ್ತು. "ಭಾವ, ದಯವಿಟ್ಟು ಇವತ್ತು ಬನ್ನಿ," ಎಂದ. ದನಿ ಚಿಕ್ಕ ಹುಡುಗನದಾಗಿತ್ತು.

"ಬರ್ತೀನಿ. ಒಂದು ಷರತ್ತು. ನಿಮ್ಮಕ್ಕನ ಮುಂದೆ ಇದೆಲ್ಲ ಬಾಯಿ ಬಿಡ್ಬೇಡ. ಅವಳ ಮುಂದೆ ನೀನು ಸಣ್ಣವನಾಗೋದು ನಂಗೆ ಬೇಕಿಲ್ಲ." ಅವನು ತಕ್ಷಣ ಒಪ್ಪಿದ. ಒಪ್ಪಿದ ಕೂಡಲೇ ಎದೆ ಹಗುರಾಯಿತು. ಹಗುರಾದದ್ದಕ್ಕೆ ಮತ್ತೆ ನಾಚಿಕೆಯಾಯಿತು. ಅಕ್ಕ ಕೈಚೀಲ ಹೆಗಲಿಗೇರಿಸಿ ಹೊರಬಂದು, ಗಂಡ ಚಪ್ಪಲಿ ಮೆಟ್ಟುತ್ತಿರುವುದನ್ನು ನೋಡಿ, "ನೋಡಿದ್ರಾ, ನಾನು ತಿಂಗಳಿಂದ ಬಡ್ಕೊಂಡ್ರೂ ಆಗದ್ದು!" ಎಂದು ತಮ್ಮನ ಬೆನ್ನು ತಟ್ಟಿದಳು.

ಆಸ್ಪತ್ರೆಯ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದಕ್ಕೊಂದು ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದರು. ಒಬ್ಬರು ಕಾಲು ಅಲುಗಿಸಿದರೆ ಇಡೀ ಸಾಲು ಅಲುಗುತ್ತಿತ್ತು. ಅವನ ಫೋನು ನಡುಗಿತು. ಹುಡುಗಿ. "ಸಾರ್, ಮತ್ತೆ ಮಾಡ್ದೆ. ಹೊಸ ತಟ್ಟೆ, ಹೊಸ ಪಿಪೆಟ್. ಮತ್ತೆ ನೇರಳೇನೇ ಬಂತು. ನಂಗೆ ಏನು ತಪ್ಪು ಮಾಡ್ತಿದೀನಿ ಅಂತಾನೇ ಗೊತ್ತಾಗ್ತಿಲ್ಲ ಸಾರ್." ಮೂಗು ಕಟ್ಟಿದ ದನಿ, ಅತ್ತಿರಬೇಕು. ಅವನು ಎದ್ದು ಗೋಡೆಯ ಕಡೆಗೆ ತಿರುಗಿದ. "ನಿನ್ನ ತಪ್ಪಲ್ಲಮ್ಮ ಅದು. ನಂದು. ಬೆಳಿಗ್ಗೆಯೇ ಗೊತ್ತಿತ್ತು ನಂಗೆ." "ಬೆಳಿಗ್ಗೆಯೇ ಗೊತ್ತಿತ್ತಾ ಸಾರ್?" ಎಂದಳು. ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯವಿತ್ತು. ಅದಕ್ಕವನು ಹೂಂ ಎನ್ನುವಷ್ಟರಲ್ಲಿ ಭಾವನನ್ನು ಒಳಗೆ ಕರೆದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಭಾವನ ಕಣ್ಣು ಬಿಡಿಸಿ ನೋಡಿ, ಹೊಟ್ಟೆ ಒತ್ತಿ ನೋಡಿ, ಕೈ ತೊಳೆಯುತ್ತ ಕೇಳಿದಳು: "ಸೊಪ್ಪು, ಬೇರು, ಪುಡಿ, ಅಂಥದ್ದೇನಾದ್ರೂ ತಗೋತಿದೀರಾ?"

ಅಕ್ಕ ಈ ಪ್ರಶ್ನೆಗಾಗಿಯೇ ಕಾದಿದ್ದವಳ ಹಾಗೆ ಕೈಚೀಲ ತೆರೆದು ಬಾಟಲಿಯನ್ನು ಮೇಜಿನ ಮೇಲಿಟ್ಟಳು. "ಇವನೇ ಮಾಡಿದ್ದು ಡಾಕ್ಟ್ರೇ. ನನ್ನ ತಮ್ಮ. ಪೇಪರಲ್ಲೂ ಬಂದಿತ್ತು."

ಡಾಕ್ಟರು ಮುಚ್ಚಳ ತೆಗೆದು ಮೂಸಿ, ಅವನ ಕಡೆ ನೋಡಿದಳು. "ನೀವು ಡಾಕ್ಟ್ರಾ?"

"ಅಲ್ಲ. ಅಂದ್ರೆ, ಡಾಕ್ಟರೇಟ್ ಆಗಿದೆ."

"ಮನುಷ್ಯರಿಗೆ ಕೊಟ್ಟು ನೋಡಿದೀರಾ ಇದನ್ನ?" ಅವನು ಇಲ್ಲವೆಂದು ತಲೆಯಾಡಿಸಿದ. "ಇವರನ್ನ ಬಿಟ್ಟು," ಎಂದು ಅವಳೇ ಸೇರಿಸಿದಳು. ಆಮೇಲೆ ಭಾವನಿಗೆ: "ದಿನಾ ತಗೊಂಡ್ರಾ?"

ಭಾವ ಒಮ್ಮೆ ಹೆಂಡತಿಯ ಮುಖ ನೋಡಿದ, ಒಮ್ಮೆ ಇವನ ಮುಖ. "ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ. ಅದರಿಂದ್ಲೇ ಇಷ್ಟರಮಟ್ಟಿಗಾದ್ರೂ ಇದೀನಿ."

"ಹಾಗಾದ್ರೆ ಇದರಿಂದ್ಲೇ ಜಾಸ್ತಿಯಾಗಿರಬಹುದು. ಇಂಥ ಪುಡಿಗಳಿಂದ ಲಿವರ್ ಕೆಡಿಸ್ಕೊಂಡು ಬರೋರು ಬೇಕಾದಷ್ಟು ಜನ. ಮೊದಲು ಇದನ್ನ ಪೂರ್ತಿ ಬಿಡಿ. ಸ್ವಲ್ಪ ದಿನ ಕಾದು ನೋಡಿ, ಆಮೇಲೆ ಬೇರೆ ಯೋಚನೆ ಮಾಡೋಣ."

ಕಾದು ನೋಡಿ. ತಿಂಗಳುಗಟ್ಟಲೆ ಬಚ್ಚಲು ತಿಂದ ಪುಡಿಯನ್ನು ಬಿಡುವುದಕ್ಕೆ ಇನ್ನಷ್ಟು ದಿನ ಕಾಯುವುದು! ಭಾವ ಆಗಲಿ ಎಂದು ತಲೆಯಾಡಿಸುತ್ತಿದ್ದ, ಗುಂಡಿ ಹಾಕಿದ ತೋಳನ್ನು ಮೇಜಿನ ಕೆಳಗೆ ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದ. "ಇಲ್ಲ," ಎಂದ ಅವನು. ಇನ್ನೊಮ್ಮೆ, ಜೋರಾಗಿ, "ಇಲ್ಲ ಡಾಕ್ಟ್ರೇ. ಭಾವ ಸುಳ್ಳು ಹೇಳ್ತಿದಾರೆ. ಅವರು ಅದನ್ನ ತಿಂದಿದ್ದು ನಾಲ್ಕೇ ದಿನ, ಮಿಕ್ಕಿದ್ದೆಲ್ಲ ಬಚ್ಚಲಿಗೆ ಚೆಲ್ಲಿದಾರೆ. ಇದು ಪುಡಿಯಿಂದ ಆಗಿದ್ದಲ್ಲ. ಅವರದು ಡ್ರೈಕ್ಲೀನಿಂಗ್ ಅಂಗಡಿ, ಕಿಟಕಿ ಇಲ್ಲದ ಕೋಣೆ, ಎಷ್ಟೋ ವರ್ಷ ಆ ದ್ರವದಲ್ಲೇ ಕೈಯದ್ದಿದಾರೆ. ಕಾಯೋದು ಬೇಡ. ತೋಳು ನೋಡಿ ಅವರದು." ಪುಡಿಯಿಂದ ಆದದ್ದಲ್ಲ ಎನ್ನುವಾಗ, ಸದ್ಯ, ನನ್ನ ಪುಡಿಯ ಮೇಲೆ ಬರುತ್ತಿದ್ದ ಅಪವಾದ ತಪ್ಪಿತು ಎಂದು ಒಳಗೆಲ್ಲೋ ಸಮಾಧಾನವಾಯಿತು. ಥೂ, ಇಲ್ಲೂ! ಅದನ್ನು ಅಲ್ಲೇ ಹೊಸಕಿಹಾಕುವವನ ಹಾಗೆ ಅಕ್ಕನ ಕಡೆ ತಿರುಗಿ ಹೇಳಿದ: "ತಿಂದಿದ್ರೂ ಏನೂ ಆಗ್ತಿರ್ಲಿಲ್ಲ ಅಕ್ಕ. ನನ್ನ ಸಂಶೋಧನೆಯೇ ತಪ್ಪು. ಆ ಪುಡಿಗೆ ಯಾರನ್ನೂ ಉಳಿಸೋ ಶಕ್ತಿ ಇಲ್ಲ."

"ಯಾರು ಕೇಳಿದ್ರೋ ನಿನ್ನ?" ಎಂದ ಭಾವ. ಮದುವೆಯಾದಾಗಿನಿಂದ ಒಮ್ಮೆಯೂ ಇವನ ಮೇಲೆ ದನಿಯೇರಿಸಿರದ ಭಾವ. ಡಾಕ್ಟರು ಆಗಲೇ ಅವನ ತೋಳಿನ ಗುಂಡಿ ಬಿಚ್ಚುತ್ತಿದ್ದಳು. ನೋಡಿದವಳೇ, ಇವತ್ತೇ ಆಸ್ಪತ್ರೆಗೆ ಸೇರಿಸಬೇಕು ಎಂದು ದಾದಿಯನ್ನು ಕರೆದಳು.

ಅಕ್ಕ ಅಳಲಿಲ್ಲ. ಬಾಟಲಿಯ ಮುಚ್ಚಳವನ್ನು ಎತ್ತಿ, ಎರಡು ಸಲ ತಪ್ಪಾಗಿ ಕೂರಿಸಿ, ಮೂರನೆಯ ಸಲ ಸರಿಯಾಗಿ ತಿರುಗಿಸಿದಳು. ತಮ್ಮನ ಕಡೆ ನೋಡಲಿಲ್ಲ. "ಹಾಗಾದ್ರೆ ಟೈಲರಮ್ಮನ ಗಂಡ?" ಎಂದಳು.

"ಅವರಿಗೇನು?"

"ನಿನ್ನನ್ನ ಕೇಳಿದ್ದು ಇವತ್ತು. ಕೊಟ್ಟಿದ್ದು ಯಾವತ್ತೋ. ಅರ್ಧ ಬಾಟ್ಲಿ ಸುರಿದುಕೊಟ್ಟಿದ್ದೆ. ನಮ್ಮನೆಯವರಿಗೆ ಇಷ್ಟು ಗುಣ ಆಗಿದೆ, ನೀನೂ ಕೊಡು ಅಂತ." ಅವಳ ತುಟಿ ಒಣಗಿತ್ತು. "ಅವನು ಮಾತ್ರೆ ಎಲ್ಲ ಬಿಟ್ಟು ಅದನ್ನೇ ತಿಂತಿದಾನಂತೆ ಪುಟ್ಟ. ಅವನು ಬಚ್ಚಲಿಗೆ ಹಾಕೋನಲ್ಲ."

ಅಕ್ಕ ಆಸ್ಪತ್ರೆಯಲ್ಲೇ ಉಳಿದಳು. ಭಾವನ ಬಟ್ಟೆ ತರಬೇಕೆಂದು ಮನೆಯ ಬೀಗದ ಕೈಯನ್ನು ಅವನ ಅಂಗೈಗೆ ಒತ್ತಿದಳು. ದಾರಿಯುದ್ದಕ್ಕೂ ಅವನು ಆ ಬೀಗದ ಕೈಯನ್ನು ಮುಷ್ಟಿಯಲ್ಲೇ ಹಿಡಿದಿದ್ದ. ಮೊದಲು ಮೇಲಕ್ಕೆ ಹೋಗಿ ಬಟ್ಟೆ ತೆಗೆದುಕೊಳ್ಳಲೇ, ಮೊದಲು ಟೈಲರಮ್ಮನ ಮನೆಗೇ ಹೋಗಲೇ? ಮೇಲಕ್ಕೆ ಹೋದರೆ ಮತ್ತೆ ಇಳಿಯುವಾಗ ತಲೆ ತಗ್ಗಿಸಿಕೊಂಡು ಹಾದುಬಿಡುವ ದಾರಿಯೂ ಇದೆ ಎಂದು ಅವನಿಗೆ ಗೊತ್ತಿತ್ತು, ತನ್ನ ಬಗ್ಗೆ ಇವತ್ತು ಅಷ್ಟು ತಿಳಿದಿತ್ತು. ಮೆಟ್ಟಿಲಿಗಿಟ್ಟ ಕಾಲನ್ನು ಹಿಂದಕ್ಕೆ ತೆಗೆದು, ಕೆಳಗಿನ ಮನೆಯ ಬಾಗಿಲು ತಟ್ಟಿದ. ಹೊಲಿಗೆಯಂತ್ರ ನಿಂತಿತು.

ಟೈಲರಮ್ಮ ಕುತ್ತಿಗೆಯಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದಳು. ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಮುಖವಿಡೀ ಅರಳಿತು. "ಅಯ್ಯೋ, ನೀವೇನಾ! ಬನ್ನಿ ಬನ್ನಿ ಒಳಗೆ. ಈಗಷ್ಟೇ ನಿಮ್ಮನ್ನ ನೆನೆಸ್ಕೊಳ್ತಿದ್ವಿ, ನೂರು ವರ್ಷ ಆಯಸ್ಸು ನಿಮಗೆ. ರೀ, ಬನ್ನಿ ಇಲ್ಲಿ, ಯಾರು ಬಂದಿದಾರೆ ನೋಡಿ! ನಿಮ್ಮ ಪುಡಿ ಶುರು ಮಾಡಿದ ಮೇಲೆ ಎಷ್ಟೋ ವಾಸಿ ಸಾರ್. ಅವರೇ ಹೇಳ್ತಾರೆ."

ಒಳಕೋಣೆಯ ಕತ್ತಲೆಯಿಂದ ಒಬ್ಬ ಮನುಷ್ಯ ಬಾಗಿಲ ಚೌಕಟ್ಟು ಹಿಡಿದು ಬಂದು ನಿಂತ. ತುಂಬು ತೋಳಿನ ಅಂಗಿ. "ಫಸ್ಟ್ ಕ್ಲಾಸಾಗಿದೀನಿ ಸಾರ್," ಎಂದ ಕೈಮುಗಿದು. ಹೆಂಡತಿ ಅವನ ಪಕ್ಕದಲ್ಲಿ ನಿಂತು ನಗುತ್ತಿದ್ದಳು.

ಕೂತುಕೊಳ್ಳಿ ಎಂದರೂ ಅವನು ಕೂರಲಿಲ್ಲ.

"ಸ್ವಲ್ಪ ಬೆಳಕಿಗೆ ಬರ್ತೀರಾ?" ಎಂದ. "ನಿಮ್ಮ ಕಣ್ಣು ನೋಡ್ಬೇಕು."